ಕೈಗುಣ

ಯೆರವಡಾದ ನಮ್ಮ ಓಣಿಯ ಬಸವಣ್ಣೆವ್ವ ಹತ್ತೊಂಬತ್ತು ವರ್ಷ ಸಾಸವಡ ಕಡೆಯ ಫಾರ್ಮುಗಳಲ್ಲಿ ಕೋಳಿಮರಿಗಳಿಗೆ ಲಸಿಕೆ ಹಾಕಿದಳು. ಮೊಟ್ಟೆಯನ್ನೂ ಮುಟ್ಟದ ಲಿಂಗವಂತರ ಹೆಣ್ಣುಮಗಳು. ಈ ಕೆಲಸ ಹಿಡಿದಾಗ ಗೋಕಾಕದ ತವರಿನವರು ಮೂಗು ಮುರಿದರು. ಗಂಡ ಸತ್ತಾಗ ಒಂದು ಸೇರು ಜೋಳ ಕಳಿಸದವರು!

ಮರಿಯನ್ನು ಅಂಗೈಯಲ್ಲಿ ಹಿಡಿದು, ಕಣ್ಣಿಗೊಂದು ಹನಿ ಬಿಟ್ಟು, ಅದು ರೆಪ್ಪೆ ಬಡಿದು ಹನಿ ಒಳಗಿಳಿಯುವವರೆಗೆ ಕಾಯುವಳು. ಉಳಿದವರು ಕಾಯುತ್ತಿರಲಿಲ್ಲ. ಆಕೆ ಮುಟ್ಟಿದ ಮರಿಗಳಿಗೆ ಉಸಿರಿನ ರೋಗ ಬರುತ್ತಿರಲಿಲ್ಲ. ಮಾಲೀಕರು ಅದನ್ನು ಕೈಗುಣ ಎಂದರು. ಕೈಗುಣವಲ್ಲ, ಕಾಯುವ ಗುಣ ಎಂದು ಆಕೆಯೂ ತಿದ್ದಲಿಲ್ಲ. ಹೊಗಳಿಕೆ ಯಾರಿಗೆ ಬೇಡ?

ಹೋದ ವರ್ಷ ಸಂತರ ಪಾದುಕೆ ಹೊತ್ತ ಪಾಲಖಿ ಸಾಸವಡಕ್ಕೆ ಬರುವ ದಿನ ಗೂಳಪ್ಪನ ಶೆಡ್ಡಿನಲ್ಲಿ ಎರಡು ಸಾವಿರ ಮರಿಗಳು ಲಸಿಕೆಗೆ ಕಾಯುತ್ತಿದ್ದವು. ಮಾಲೀಕ ಗೂಳಪ್ಪನಿಗೆ ಪಾಲಖಿಯ ಜೊತೆ ನಡೆದು ಬರುವ ವಾರಕರಿಗಳಿಗೆ ಚಹಾ ಹಂಚುವ ಅವಸರ.

"ಇವತ್ತ ಒಂದೊಂದ ಹನಿ ಬ್ಯಾಡ್ರಿ. ಕುಡಿಯೋ ನೀರಾಗ ಹಾಕಿ ಮುಗಸ್ರಿ."

"ಪಾಲಖಿ ಅಂತ ಪಂಚಾಯ್ತಿಯವ್ರು ನೀರಿಗೆ ಬ್ಲೀಚಿಂಗ್ ಪಾವಡರ್ ಭಾಳ ಹಾಕ್ಯಾರ್ರಿ. ಹಾಲಿನ ಪುಡಿ ಕಲಸದಿದ್ರ ಲಸಿಕಿ ಸಾಯ್ತದ."

"ಪುಡಿ ಎಲ್ಲಾ ಚಹಾಕ್ಕ ಹೋತು. ಪುಣ್ಯದ ಕೆಲಸ ಅದ. ನಿಮ್ಮ ಕೈಗುಣ ಇರೂಮಟಾ ಏನೂ ಆಗೂದಿಲ್ರಿ."

ಆ ಮಾತಿಗೆ ಆಕೆ ಸೋತಳು. ತನ್ನ ಕೈಯಿಂದಲೇ ಲಸಿಕೆಯನ್ನು ನೀರಿನ ಟಾಕಿಗೆ ಸುರಿದಳು.

ಮೂರು ವಾರಕ್ಕೆ ಮರಿಗಳು ಕತ್ತು ಚಾಚಿ, ಬಾಯಿ ತೆರೆದು ಗೊರಗುಟ್ಟತೊಡಗಿದವು. ಅರ್ಧಕ್ಕಿಂತ ಹೆಚ್ಚು ಸತ್ತವು. "ಆಕಿ ಕೈಗುಣ ಹೋತು" ಎಂದು ಗೂಳಪ್ಪ ಊರೆಲ್ಲ ಡಂಗುರ ಸಾರಿದ.

ಆಕೆ ಬಸ್ಸು ಹಿಡಿದು ಹೋಗಿ ನೀರಿನ ಮಾತು ತೆಗೆದಳು.

"ಸುರಿದವ್ರು ಯಾರ್ರಿ?" ಎಂದ.

ಸುಳ್ಳೇನಲ್ಲ. ಚಹಾ ಹಂಚಿದವನಿಗೆ ಪುಣ್ಯ, ಪಾಪವೆಲ್ಲ ಇವಳ ಕೈಗೆ! ಆಮೇಲೆ ಯಾವ ಫಾರ್ಮಿನವರೂ ಕರೆಯಲಿಲ್ಲ. ಈಗ ಐಟಿ ಪಾರ್ಕಿನ ಕ್ಯಾಂಟೀನಿನಲ್ಲಿ ಪಾತ್ರೆ ತೊಳೆಯುತ್ತಾಳೆ.

ಮೊನ್ನೆ ನಾನು ಅವರ ಮನೆಯಲ್ಲಿದ್ದೆ. ಮೊಮ್ಮಗಳು ಶರ್ವರಿಗೆ ಕಣ್ಣು ಬಂದಿತ್ತು. ಬಸವಣ್ಣೆವ್ವ ಔಷಧಿಯ ಬಾಟಲಿ ಎತ್ತಿಕೊಂಡಳು. ಸೊಸೆ ಸ್ನೇಹಲ್ ಮೆಲ್ಲಗೆ ಅದನ್ನು ಕೈಯಿಂದ ತೆಗೆದುಕೊಂಡಳು.

"ಬ್ಯಾಡ್ರಿ ಅತ್ತಿ, ನಾನ ಹಾಕ್ತೀನಿ."

ಹಾಕಿದಳು, ಕೂಡಲೇ ಮಗುವನ್ನು ಬಿಟ್ಟಳು. ಹನಿ ಕೆನ್ನೆಗುಂಟ ಇಳಿದು ಹೋಯಿತು. ಬಸವಣ್ಣೆವ್ವ ಸೆರಗಿನ ತುದಿಯಿಂದ ಆ ಕೆನ್ನೆ ಒರೆಸಿದಳು.