ಮೊಲದ ಮರಿಗಳಿಗೆ ಕಣ್ಣು ಬಂದದ್ದು

ಜೇಬಿನಲ್ಲಿ ಕೆಂಪು ಶಾಯಿಯ ಪೆನ್ನು ಸಿಕ್ಕಿಸಿಕೊಂಡು ಓಡಾಡುವವನಿಗೆ ಸ್ನೇಹಿತರು ಕಡಿಮೆ. ಇದು ನನಗೆ ತಿಳಿಯಲು ಬಹಳ ಕಾಲ ಹಿಡಿಯಿತು. ಆಗ ನಾನು ಶಿಕಾರಿಪುರದ ಶಾಲೆಯೊಂದರಲ್ಲಿ ಕನ್ನಡ ಪಂಡಿತನಾಗಿ ಸೇರಿದ ಹೊಸತು. ಕನ್ನಡನಾಡು ಒಂದಾಗಿ ಎರಡು ಮೂರು ವರ್ಷವಾಗಿತ್ತಷ್ಟೆ. ನಾಡನ್ನು ದೊಡ್ಡವರು ಒಂದು ಮಾಡಿದ್ದಾಯಿತು, ಇನ್ನು ಭಾಷೆ ತಿದ್ದುವುದೊಂದು ಬಾಕಿ, ಅದು ನನ್ನ ಪಾಲಿನ ಕೆಲಸ ಎಂದು ನಂಬಿದ್ದೆ. ಹೋಟೆಲಿನ ಬೋರ್ಡಾಗಲಿ ಲಗ್ನಪತ್ರಿಕೆಯಾಗಲಿ, ಕಂಡದ್ದನ್ನೆಲ್ಲ ತಿದ್ದುತ್ತಿದ್ದೆ. ತಾಳಗುಂದಕ್ಕೆ ಹೋದಾಗ ಶಾಸನದ ಕಂಬದ ಮುಂದೆ ನಿಂತೂ ಕೈ ಜೇಬಿನ ಕಡೆ ಹೋಗಿತ್ತು. ಅದು ಸಂಸ್ಕೃತದಲ್ಲಿದೆ ಎಂದು ಬಿಟ್ಟುಕೊಟ್ಟೆ.

ಇಂಥವನನ್ನು ಕಟ್ಟಿಕೊಂಡವಳು ಸೊರಬ ತಾಲ್ಲೂಕು ಹೊಸಬಾಳೆಯ ನೀಲಮ್ಮ. ಮದುವೆಯಾಗಿ ನಾಲ್ಕು ತಿಂಗಳಾಗಿತ್ತು. ನಮ್ಮ ಸಂಸಾರದಲ್ಲಿ ನಾವಿಬ್ಬರು, ಜೊತೆಗೆ ಎರಡು ಬಿಳಿ ಮೊಲ. ವರ್ಗವಾಗಿ ಹೋದ ವಿಜ್ಞಾನದ ಮೇಷ್ಟ್ರು ಬಿಟ್ಟುಹೋಗಿದ್ದಂಥವು. ಊರಿನ ಹೆಸರಲ್ಲೇ ಶಿಕಾರಿ ಇರುವಾಗ ಅಲ್ಲಿ ಮೊಲ ಸಾಕುತ್ತೇನೆಂದು ಹೊರಟವನನ್ನು ಜನ ನೋಡಿ ನಕ್ಕರು. ನೀಲಮ್ಮ ನಗಲಿಲ್ಲ. ಹೆಣ್ಣು ಮೊಲಕ್ಕೆ ಬೆಳ್ಳಿ ಎಂದು ಹೆಸರಿಟ್ಟು, ನನ್ನ ಜೊತೆ ಆಡುವುದಕ್ಕಿಂತ ಹೆಚ್ಚು ಮಾತನ್ನು ಅದರ ಜೊತೆ ಆಡುತ್ತಿದ್ದಳು. ಅದು ತಿದ್ದುತ್ತಿರಲಿಲ್ಲವಲ್ಲ, ಅದಕ್ಕೇ ಇರಬೇಕು.

ಆಷಾಢ ಬಂತು. ಹೊಸ ಮದುಮಗಳು ಆಷಾಢದಲ್ಲಿ ತವರಿನಲ್ಲಿರಬೇಕು, ಅಳಿಯ ಆ ತಿಂಗಳು ಅತ್ತೆಮನೆಯ ಹೊಸ್ತಿಲು ತುಳಿಯಬಾರದು, ಅತ್ತೆಯ ಮುಖ ನೋಡಬಾರದು. ಈ ಪದ್ಧತಿ ಮಾಡಿದವರು ಯಾರೋ, ಅಂಚೆ ಇಲಾಖೆಗೆ ಮಾತ್ರ ಅದರಿಂದ ಒಳ್ಳೆಯದಾಗಿದೆ. ನೀಲಮ್ಮ ಗಬ್ಬದ ಬೆಳ್ಳಿಯನ್ನು ಬುಟ್ಟಿಯಲ್ಲಿಟ್ಟುಕೊಂಡು ಬಸ್ಸು ಹತ್ತಿದಳು. ಗಂಡು ಮೊಲವೂ ನಾನೂ ಶಿಕಾರಿಪುರದಲ್ಲಿ ಉಳಿದು ಒಬ್ಬರ ಮುಖ ಒಬ್ಬರು ನೋಡಿಕೊಂಡು ಕುಳಿತೆವು.

ವಾರದಲ್ಲಿ ಕಾರ್ಡು ಬಂತು. ಬೆಳ್ಳಿ ತನ್ನ ಎದೆಯ ತುಪ್ಪಳವನ್ನೇ ಕಿತ್ತು ಹುಲ್ಲಿನ ಮೇಲೆ ಹಾಸಿ ಐದು ಮರಿ ಹಾಕಿದೆ, ಮೈಮೇಲೆ ಒಂದು ಕೂದಲಿಲ್ಲ, ಕಣ್ಣು ಮುಚ್ಚಿಕೊಂಡಿವೆ ಎಂದು ಬರೆದಿದ್ದಳು. ನಾನು ಮೊದಲು ಅವಳ ಕಾರ್ಡಿನ ನಾಲ್ಕು ಒತ್ತಕ್ಷರ ತಿದ್ದಿದೆ. ಆಮೇಲೆ ಉತ್ತರ ಬರೆದೆ. "ಮರಿಗಳು ಹತ್ತು ಹನ್ನೆರಡು ದಿನಕ್ಕೆ ಕಣ್ಣು ತೆರೆಯುವುವು. ಅಲ್ಲಿಯತನಕ ಗೂಡನ್ನು ಮುಟ್ಟತಕ್ಕದ್ದಲ್ಲ. ಹಾಸಿದ ಹುಲ್ಲನ್ನು ಕದಲಿಸತಕ್ಕದ್ದಲ್ಲ. ಮನುಷ್ಯರ ವಾಸನೆ ತಗುಲಿದರೆ ತಾಯಿ ಮರಿಗಳನ್ನು ತ್ಯಜಿಸುವುದು." ಇದನ್ನು ನನಗೆ ಯಾರು ಹೇಳಿದರೋ ಇವತ್ತಿಗೂ ನೆನಪಿಲ್ಲ. ಆದರೆ 'ತಕ್ಕದ್ದಲ್ಲ' ಎಂದು ಬರೆಯುವಾಗ ಎಂಥ ಸುಖ ಸಿಕ್ಕಿತೆಂಬುದು ಚೆನ್ನಾಗಿ ನೆನಪಿದೆ.

ಆಮೇಲೆ ನಾನು ಮರಿ ಹುಟ್ಟಿದಂದಿನಿಂದ ದಿನ ಎಣಿಸತೊಡಗಿದೆ. ಹದಿಮೂರನೆಯ ದಿನ ಎರಡನೆಯ ಕಾರ್ಡು ಕೈಗೆ ಬಂತು.

"ಐದರಲ್ಲಿ ಮೂರು ಮರಿಗೆ ಕಣ್ಣು ಬಂದಿದೆ. ಉಳಿದೆರಡಕ್ಕೆ ಇನ್ನೂ ಬಂದಿಲ್ಲ. ಅವಕ್ಕೂ ಬರಬಹುದು ಅಂತ ಅವ್ವ ಅಂತಾಳೆ. ಏನು ಮಾಡಲಿ? ಕೂಡಲೇ ಬರೆಯಿರಿ."

ನನಗಾದ ಸಂತೋಷ ಅಷ್ಟಿಷ್ಟಲ್ಲ. ಶಿಕ್ಷಕರ ಕೊಠಡಿಯಲ್ಲಿ ಎಲ್ಲರಿಗೂ ಓದಿ ಹೇಳಿದೆ. ಆಮೇಲೆ ಪೆನ್ನು ತೆಗೆದೆ. 'ಮರಿಗೆ ಕಣ್ಣು ಬಂದಿದೆ' ಎಂಬುದನ್ನು ಹೊಡೆದುಹಾಕಿ ಮೇಲೆ 'ಮರಿಗಳು ಕಣ್ಣು ಬಿಟ್ಟಿವೆ' ಎಂದು ಕೆಂಪಗೆ ಬರೆದೆ. ತಿದ್ದಿದ ಕಾರ್ಡನ್ನು ಲಕೋಟೆಯಲ್ಲಿಟ್ಟು ಜೊತೆಗೊಂದು ಕಾಗದ ಸೇರಿಸಿದೆ. "ವಿಷಯ ತಿಳಿದು ಪರಮಾನಂದವಾಯಿತು. ಉಳಿದೆರಡಕ್ಕೂ ಬೇಗ ಬರಲೆಂದು ಹಾರೈಸುತ್ತೇನೆ. ನೀನು ಏನೂ ಮಾಡಬೇಕಾಗಿಲ್ಲ, ಎಲ್ಲವನ್ನೂ ಪ್ರಕೃತಿಯೇ ಮಾಡುವುದು."

ನೀವೀಗ ನಗುತ್ತಿದ್ದೀರಿ, ನಗಿ. ಕಣ್ಣು ಬರುವುದೆಂದರೆ ಕಣ್ಣು ಕೆಂಪಾಗಿ, ಊದಿ, ಪಿಸುರುಗಟ್ಟುವ ರೋಗ ಎಂದು ಕನ್ನಡ ಪಂಡಿತನಿಗೆ ತಿಳಿಯದೆ? ವರ್ಷಕ್ಕೊಮ್ಮೆ ನನ್ನ ತರಗತಿಗೆ ತರಗತಿಗೇ ಕಣ್ಣು ಬರುತ್ತದೆ. ಆದರೆ ನನ್ನ ಪರವಾಗಿ ಒಂದು ಮಾತು ಕೇಳಿ. ಮಗುವಿಗೆ ಹಲ್ಲು ಬಂತು ಅಂದರೆ ಸಂತೋಷ ಪಡುತ್ತೇವೆ. ಮಾತು ಬಂತು ಅಂದರೆ ಸಂತೋಷ, ಬುದ್ಧಿ ಬಂತು ಅಂದರೆ ಇನ್ನೂ ಸಂತೋಷ. ಕಣ್ಣು ಬಂತು ಅಂದರೆ ಮಾತ್ರ ಅಯ್ಯೋ ಅನ್ನಬೇಕಂತೆ! ಇದ್ದ ಕಣ್ಣು ಹೋಗುವ ಹಾಗಾದಾಗ ಕಣ್ಣು ಬಂತು ಎನ್ನುವ ಈ ನಮ್ಮ ಭಾಷೆಯನ್ನು ಏನೆನ್ನೋಣ? ಹುಟ್ಟುವಾಗಲೇ ಕಣ್ಣು ಮುಚ್ಚಿಕೊಂಡಿರುವ ಪ್ರಾಣಿಯ ವಿಷಯದಲ್ಲಂತೂ ಎಂಥವನೂ ಎಡವುತ್ತಾನೆ. ಎಡವಿದವನು ಕೆಂಪು ಶಾಯಿಯಲ್ಲಿ ಎಡವಬಾರದಿತ್ತು, ಅಷ್ಟೆ.

ಹದಿನಾರನೆಯ ದಿನ ನಮ್ಮ ಮಾವನವರೇ ಶಾಲೆಯ ಬಾಗಿಲಿಗೆ ಬಂದರು. ಸೊರಬದ ಕಡೆಯವರು ಸಿಟ್ಟು ಬಂದಾಗ ಇನ್ನೂ ಮೆತ್ತಗೆ ಮಾತಾಡುತ್ತಾರೆ.

"ಆರಾಮ ಇದೀರಾ ಅಳಿಯಂದ್ರೇ?"

"ಆರಾಮ ಮಾವ. ಬರ್ರೀ, ಕೂತ್ಕೊಳ್ಳಿ."

"ಕೂರಾಕೆ ಬಂದಿಲ್ಲ. ಒಂದು ಮಾತು ಕೇಳಿ ಹೋಗಣ ಅಂತ ಬಂದೆ. ಮೂಕ ಪ್ರಾಣಿಗೆ ಕಣ್ಣು ಬಂದ್ರೆ ನಿಮಗೆ ಪರಮಾನಂದ ಆಗ್ತದಂತೆ, ಹೌದೇನ್ರೀ? ಉಳಿದವಕ್ಕೂ ಬರ್ಲಿ ಅಂತ ಬೇರೆ ಬರ್ದೀರಂತೆ! ರೆಪ್ಪೆ ಒಳಗೆ ಕೀವು ತುಂಬಿ ಕಡಲೆಕಾಳಿನಂಗೆ ಊದ್ಕಂಡಿದಾವೆ. ನಮ್ಮ ಹುಡುಗಿ ನಿಮ್ಮ ಕಾಗದ ಓದಿ ಎರಡು ದಿನ ಆತು, ಸರಿಯಾಗಿ ಉಂಡಿಲ್ಲ."

ನನ್ನ ಜೀವಮಾನದಲ್ಲಿ ನಾಚಿಕೆ ಎಂದರೆ ಏನೆಂದು ಅವತ್ತು ತಿಳಿಯಿತು.

ಮಾವನವರನ್ನು ಕರೆದುಕೊಂಡೇ ದನದ ಡಾಕ್ಟರ ಬಳಿ ಓಡಿದೆ. ಅವರು ಎಮ್ಮೆಯೊಂದರ ಬಾಯಿಯೊಳಗೆ ಕೈ ಹಾಕಿದ್ದರು. ನಾನು ಹೇಳಿದ್ದನ್ನು ಕೇಳಿ ಕೈ ಹೊರಗೆ ತೆಗೆದರು.

"ನಾನು ಎತ್ತು ಎಮ್ಮೆ ನೋಡೋನು ಕಣ್ರೀ. ಮೊಲದ ಮರಿ ಕಣ್ಣು ಹುಡುಕೋಕೆ ನನಗೇ ಕನ್ನಡಕ ಬೇಕು. ಇರಲಿ, ಗೂಡಿನ ಹುಲ್ಲು ಯಾವಾಗ ಬದಲಾಯಿಸಿದ್ರಿ?"

"ಬದಲಾಯಿಸಿಲ್ಲ" ಎಂದೆ.

"ಯಾಕೆ?"

"ನಾನೇ ಬೇಡ ಅಂದಿದ್ದೆ."

ಡಾಕ್ಟರು ನನ್ನನ್ನು ಒಮ್ಮೆ ನೋಡಿದರು. ಉಚ್ಚೆಗೆ ನೆನೆದ ಹುಲ್ಲು, ಮಳೆಗಾಲದ ತೇವ, ಇವೆರಡು ಸೇರಿದರೆ ಮರಿಗಳ ಕಣ್ಣಿಗೆ ರೋಗ ಹತ್ತಲು ಮತ್ತೇನೂ ಬೇಡವಂತೆ. ಸಾಕಿದ ಮೊಲ ಮನುಷ್ಯರ ವಾಸನೆಗೆಲ್ಲ ಮರಿ ಬಿಡುವುದಿಲ್ಲ, ಒದ್ದೆ ಹುಲ್ಲು ತೆಗೆದು ಒಣ ಹುಲ್ಲು ಹಾಕಿ ಮೇಲೆ ಅದರದೇ ತುಪ್ಪಳ ಹೊದಿಸಿದ್ದರೆ ಈ ಗೋಳೇ ಇರುತ್ತಿರಲಿಲ್ಲ ಎಂದರು. ಹನ್ನೆರಡು ದಿನ ಕಳೆದರೂ ತೆರೆಯದ, ಊದಿಕೊಂಡ ಕಣ್ಣನ್ನು ತಾನಾಗಿ ತೆರೆಯಲಿ ಎಂದು ಕಾಯಬಾರದಂತೆ. ಕುದಿಸಿ ಆರಿಸಿದ ಉಗುರುಬೆಚ್ಚಗಿನ ನೀರಿಗೆ ಚಿಟಿಕೆ ಉಪ್ಪು ಹಾಕಿ, ಹತ್ತಿ ಅದ್ದಿ, ರೆಪ್ಪೆಯ ಮೇಲೆ ಹಿಡಿದು ಗಟ್ಟಿ ಕಟ್ಟಿದ್ದನ್ನು ನೆನೆಸಬೇಕು. ನೆನೆದ ಮೇಲೆ ಬೆರಳಿನಿಂದ ಮೆಲ್ಲಗೆ ಬಿಡಿಸಿ ಕೀವು ಒರೆಸಬೇಕು, ಜೋರು ಮಾಡಬಾರದು. ಒಂದು ಕಣ್ಣಿನ ಹತ್ತಿ ಇನ್ನೊಂದಕ್ಕೆ ತಾಕಿಸಬಾರದು. ಆಮೇಲೆ ತಾವು ಕೊಟ್ಟ ಮುಲಾಮು ಹಚ್ಚಬೇಕು, ದಿನಕ್ಕೆ ಮೂರು ಸಲ. "ಕೈ ಸೋಪು ಹಾಕಿ ತೊಳ್ಕೊಳ್ಳಿ, ನಿಮ್ಮ ಕಣ್ಣು ಮುಟ್ಕೋಬೇಡಿ" ಎಂದು ಎರಡು ಸಲ ಹೇಳಿದರು. "ತಡ ಆಗಿದೆ. ದೃಷ್ಟಿ ಉಳಿಯುತ್ತೆ ಅಂತ ಮಾತು ಕೊಡೋಕೆ ನನ್ನ ಕೈಲಾಗಲ್ಲ."

ರಜೆ ಬರೆದುಕೊಟ್ಟು, ಗಂಡು ಮೊಲವನ್ನು ಪಕ್ಕದ ಮನೆಯವರಿಗೆ ಒಪ್ಪಿಸಿ, ಮಾವನವರ ಜೊತೆಯಲ್ಲೇ ಸೊರಬದ ಬಸ್ಸು ಹತ್ತಿದೆ. ಹೊಸಬಾಳೆಯಲ್ಲಿ ಮನೆಯ ಮುಂದೆ ನಿಂತಾಗ ನೆನಪಾಯಿತು, ಇದು ಆಷಾಢ. ಬಾಗಿಲ ಹಿಂದಿನಿಂದ ಅತ್ತೆಯವರ ಬಳೆಯ ಸದ್ದು ಕೇಳಿತು. "ಹೊಸ್ತಿಲು ದಾಟಬ್ಯಾಡಿ ಅನ್ರೀ" ಎಂದರು ಮಾವನವರಿಗೆ. ಮಾವನವರು ಸ್ವಲ್ಪ ಹೊತ್ತು ಯೋಚಿಸಿ, ಜಗುಲಿ ಹೊಸ್ತಿಲಿಗಿಂತ ಈಚೆಗಿದೆ, ಕೊಟ್ಟಿಗೆಗಂತೂ ಹೊಸ್ತಿಲೇ ಇಲ್ಲ ಎಂದು ತೀರ್ಪು ಕೊಟ್ಟರು. ಹೀಗೆ ನನ್ನ ವಾಸ ಜಗುಲಿಯಲ್ಲಿ, ಆಸ್ಪತ್ರೆ ಕೊಟ್ಟಿಗೆಯಲ್ಲಿ ಎಂದಾಯಿತು.

ನೀಲಮ್ಮ ಮರಿಗಳ ಬುಟ್ಟಿ ತಂದಿಟ್ಟಳು. ನನ್ನ ಮುಖ ನೋಡಲಿಲ್ಲ. ನನ್ನ ಹಾರೈಕೆಯನ್ನು ಲೆಕ್ಕಿಸದೆ ಎರಡು ಮರಿಗಳು ಮಣಿಯಂಥ ಕಣ್ಣು ಬಿಟ್ಟುಕೊಂಡು ಓಡಾಡುತ್ತಿದ್ದವು. ಉಳಿದ ಮೂರು ಒಂದರ ಮೇಲೊಂದು ತಲೆಯಿಟ್ಟು ಮುದುಡಿದ್ದವು.

"ಹುಲ್ಲು ಬದಲಾಯಿಸ್ಬೇಕು ಅಂತ ನನಗೆ ಅನ್ನಿಸಿತ್ತು" ಎಂದಳು, ಮರಿಗಳಿಗೆ ಹೇಳುವಂತೆ. "ಮುಟ್ಟತಕ್ಕದ್ದಲ್ಲ ಅಂತ ಬರೆದಿದ್ರಲ್ಲ, ಅದಕ್ಕೇ ಸುಮ್ನಿದ್ದೆ."

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವಳು ನನ್ನ ಮಾತು ಕೇಳಿದ್ದಕ್ಕೇ ಹೀಗಾಗಿತ್ತು.

ನಾನು ಹತ್ತಿಯನ್ನು ಪೆನ್ನಿನ ಹಾಗೆ ಹಿಡಿದು ಮರಿಯ ರೆಪ್ಪೆ ಹುಡುಕುತ್ತಿದ್ದೆ. ಇಡೀ ವ್ಯಾಕರಣದಲ್ಲಿ ಇಷ್ಟು ಸಣ್ಣ ಕೆಲಸ ನಾನು ಮಾಡಿದ್ದಿಲ್ಲ. ಅವಳು ಹತ್ತಿಯನ್ನು ನನ್ನ ಕೈಯಿಂದ ತೆಗೆದುಕೊಂಡು, ಮರಿಯನ್ನು ಸೆರಗಿನಲ್ಲಿ ಸುತ್ತಿ ಮಡಿಲಲ್ಲಿಟ್ಟುಕೊಂಡಳು. ನನಗೆ ನೀರು ಬೆಚ್ಚಗೆ ಇಡುವ, ಬಳಸಿದ ಹತ್ತಿ ಎಸೆಯುವ ಕೆಲಸ ಸಿಕ್ಕಿತು. ಅವಳು ಒತ್ತಿ ಹಿಡಿದಳು, ಕಾದಳು, ಮತ್ತೆ ಒತ್ತಿ ಹಿಡಿದಳು. ಮೊದಲನೆಯ ಮರಿಯ ರೆಪ್ಪೆ ಬಿಟ್ಟಿತು, ಕೀವು ಬಂತು, ಅದರ ಹಿಂದೆ ಕಣ್ಣೂ ಕಂಡಿತು. ಸಂಜೆಯ ಹೊತ್ತಿಗೆ ಎರಡನೆಯದೂ ಕಣ್ಣು ಬಿಟ್ಟಿತು. ಮೂರನೆಯದು ಎಲ್ಲಕ್ಕಿಂತ ಸಣ್ಣದು. ಅದರ ಎರಡು ರೆಪ್ಪೆಗಳೂ ಬಿಡಲಿಲ್ಲ.

"ಇದು ಕುರುಡಾದ್ರೆ ನಾನು ನಿಮಗೆ ಇನ್ನು ಯಾವತ್ತೂ ಕಾಗದ ಬರೆಯಲ್ಲ" ಎಂದಳು. ಅವಳ ಕಣ್ಣಲ್ಲಿ ನೀರಿತ್ತು. ನನ್ನ ಕಣ್ಣಲ್ಲೂ ಬಂತು, ಡಾಕ್ಟರ ಮಾತು ಮರೆತು ಕೈಯಿಂದಲೇ ಒರೆಸಿಕೊಂಡೆ.

ಮಾರನೆಯ ದಿನ ಬೆಳಗ್ಗೆ ಇಬ್ಬರೂ ಸೇರಿ ಗೂಡಿನ ಹುಲ್ಲನ್ನೆಲ್ಲ ಬದಲಾಯಿಸಿದೆವು. ಒಣ ಹುಲ್ಲಿನ ಧೂಳನ್ನು ಕೂಡ ಅವಳು ಅಂಗಳದಲ್ಲಿ ಒದರಿ ತಂದಳು. ಮಧ್ಯಾಹ್ನ ಸಣ್ಣ ಮರಿಯ ಬಲಗಣ್ಣು ತೆರೆಯಿತು. ಮೂರನೆಯ ದಿನ ಎಡಗಣ್ಣೂ ತೆರೆಯಿತು. ಆದರೆ ಅದರ ಮೇಲೆ ಮಜ್ಜಿಗೆಯ ಬಣ್ಣದ ಪೊರೆಯಿತ್ತು. ನೀಲಮ್ಮ ಗರಿಕೆಯ ಎಸಳನ್ನು ಬಲಗಡೆ ಹಿಡಿದಳು, ಮರಿ ಮೂಗು ಅಲ್ಲಾಡಿಸಿ ತಿರುಗಿತು. ಎಡಗಡೆ ಮುಖಕ್ಕೆ ಬೆರಳು ಬೀಸಿದಳು, ರೆಪ್ಪೆ ಅಲುಗಲಿಲ್ಲ. ಮತ್ತೆ ಬೀಸಿದಳು.

"ಒಂದು ಉಳೀತಲ್ಲ" ಎಂದಳು ಕೊನೆಗೆ. "ಇದಕ್ಕೆ ಪಂಡಿತ ಅಂತ ಹೆಸರಿಡ್ತೀನಿ."

"ಯಾಕೆ?"

"ಅರ್ಧ ಕಾಣ್ತದಲ್ಲ, ಅದಕ್ಕೆ."

ಬಾಗಿಲ ಹಿಂದೆ ಬಳೆಗಳು ನಕ್ಕವು. ಅತ್ತೆ ಅಳಿಯ ಮುಖ ನೋಡಬಾರದೇ ಹೊರತು ನಗಬಾರದೆಂದು ಆಷಾಢದಲ್ಲಿ ನಿಯಮವಿಲ್ಲ.

ನಾಲ್ಕನೆಯ ದಿನ ಜಗುಲಿಯಲ್ಲಿ ಎದ್ದಾಗ ನನಗೆ ಲೋಕವೇ ಕಾಣಲಿಲ್ಲ. ರೆಪ್ಪೆಗಳು ಅಂಟಿಕೊಂಡಿದ್ದವು. ನೀಲಮ್ಮ ಅದೇ ಬಟ್ಟಲು, ಅದೇ ಬೆಚ್ಚಗಿನ ಉಪ್ಪುನೀರು, ಹೊಸ ಹತ್ತಿ ತಂದು ನನ್ನ ಪಕ್ಕದಲ್ಲಿ ಕುಳಿತಳು. ಒತ್ತಿ ಹಿಡಿದಳು, ಕಾದಳು, ಮತ್ತೆ ಒತ್ತಿ ಹಿಡಿದಳು. ರೆಪ್ಪೆ ಬಿಟ್ಟಾಗ ಮೊದಲು ಕಂಡದ್ದು ಅವಳ ಮುಖ. ಮೂರು ದಿನದಲ್ಲಿ ಮೊದಲ ಸಲ ಅವಳು ನನ್ನನ್ನು ನೇರವಾಗಿ ನೋಡುತ್ತಿದ್ದಳು.

ಶಾಲೆಗೆ ತಿಳಿಸಬೇಕಲ್ಲ, ಕಾರ್ಡು ತರಿಸಿ ಕಣ್ಣು ಕಿರಿದು ಮಾಡಿಕೊಂಡು ಹೆಡ್ ಮಾಸ್ತರರಿಗೆ ಬರೆದೆ. "ಮಾನ್ಯರೇ, ನನಗೆ ಕಣ್ಣು ಬಂದಿದೆ. ಆದ್ದರಿಂದ ಇನ್ನೂ ಮೂರು ದಿನ ರಜೆ ದಯಪಾಲಿಸಬೇಕಾಗಿ ವಿನಂತಿ." ಸೇರಿಸುವುದೇನಾದರೂ ಇದೆಯೇ ನೋಡು ಎಂದು ನೀಲಮ್ಮನ ಕೈಗೆ ಕೊಟ್ಟೆ. ಅವಳು ಓದಿದಳು, ನನ್ನ ಜೇಬಿನಿಂದ ಕೆಂಪು ಪೆನ್ನು ಎಳೆದುಕೊಂಡಳು. 'ನನಗೆ ಕಣ್ಣು ಬಂದಿದೆ' ಎಂಬುದನ್ನು ಹೊಡೆದುಹಾಕಿ ಮೇಲೆ ದುಂಡಗೆ ಬರೆದಳು: "ನಾನು ಕಣ್ಣು ಬಿಟ್ಟಿದ್ದೇನೆ."

ತಪ್ಪು ಹುಡುಕಿದೆ. ಸಿಗಲಿಲ್ಲ. ಹಾಗೆಯೇ ಅಂಚೆಗೆ ಹಾಕಿಸಿದೆ. ಪೆನ್ನನ್ನು ಅವಳು ವಾಪಸು ಕೊಡಲಿಲ್ಲ, ನಾನೂ ಕೇಳಲಿಲ್ಲ.