ನಿಂತಲ್ಲೇ ಓಡಿದ ಸಾಣೆಯಕ್ಕನ ಸೈಕಲ್

ಬೆಳಗಿನ ಐದೂವರೆ. ಅಂಗಳದ ನಡುವೆ ಸೈಕಲ್ ಹಿಡಿದು ನಿಂತ ಸಾಣೆಯಕ್ಕ, ಹ್ಯಾಂಡಲ್ ಮೇಲಿನ ಅಂಗೈಯಗಲದ ಪರದೆಯನ್ನು ಕಣ್ಣು ಮಿಟುಕಿಸದೆ ನೋಡುತ್ತಿದ್ದಾರೆ. “ಮಾತಾಡಿಸ್ಬೇಡಿ ಸ್ವಲ್ಪ. ಇದಕ್ಕೆ ಆಕಾಶ ಕಾಣ್ಬೇಕು,” ಎನ್ನುತ್ತಾರೆ. ಮೊದಲ ದಿನ ಮೆಟ್ಟಿಲ ಕೆಳಗಿನ ಕತ್ತಲ ಮೂಲೆಯಲ್ಲೇ ಗುಂಡಿ ಒತ್ತಿ ಹೊರಟು, ಎರಡು ಬೀದಿಯ ಲೆಕ್ಕ ಕಳೆದುಕೊಂಡವರು ಅವರು. ಈಗ ಬಯಲಿಗೆ ಬಂದು, ಉಪಗ್ರಹ ಸಿಕ್ಕಿತೆಂದು ಜಿಪಿಎಸ್ ಬೀಪ್ ಎಂದ ಮೇಲೆಯೇ ಪೆಡಲ್ ತುಳಿಯುವುದು.

ವಯಸ್ಸು ಐವತ್ತೊಂದು. ಅಪ್ಪನ ಕೈ ನಡುಗತೊಡಗಿದಾಗ ಈ ಸೈಕಲ್ ಇವರ ಪಾಲಿಗೆ ಬಂತು. ಅದಾಗಿ ಇಪ್ಪತ್ತೆಂಟು ವರ್ಷ. ದಿನಕ್ಕೆ ನಲವತ್ತು ಚಾಕು, ಹತ್ತಾರು ಕತ್ತರಿ ಮಸೆಯುತ್ತಾರೆ. ಸ್ಟ್ಯಾಂಡ್ ಹಾಕಿ ಪೆಡಲ್ ತುಳಿದರೆ ನೆಲ ಬಿಟ್ಟ ಹಿಂದಿನ ಗಾಲಿ ತಿರುಗುತ್ತದೆ, ಗಾಲಿಗೆ ಸುತ್ತಿದ ಪಟ್ಟಿ ಮುಂದಿನ ಸಾಣೆಕಲ್ಲನ್ನು ತಿರುಗಿಸುತ್ತದೆ. ಕಿಡಿ ಹಾರಿ ಮುಂಗೈ ತುಂಬ ಸುಟ್ಟ ಚುಕ್ಕೆ. ಮೊದಮೊದಲು ಜನ ಚಾಕು ಕೊಡಲೂ ಹಿಂದೆಮುಂದೆ ನೋಡುತ್ತಿದ್ದರಂತೆ. “ಹೆಂಗಸು ಕೈ ಕುಯ್ಕೋತಾಳೆ ಅನ್ನೋರು. ಅವರೇ ಈಗ ನಾನು ಒಂದು ವಾರ ಬರದಿದ್ರೆ ಫೋನ್ ಮಾಡ್ತಾರೆ.”

ಇಷ್ಟು ವರ್ಷ ಬೀದಿ ಸುತ್ತಿದರೂ ಅವರು ಸಮುದ್ರಕ್ಕೆ ಸೈಕಲ್ಲಿನಲ್ಲಿ ಹೋದವರಲ್ಲ. ಊರಿನ ಸೈಕಲ್ ತಂಡ ವರ್ಷಕ್ಕೊಮ್ಮೆ ನೂರು ಕಿಲೋಮೀಟರ್ ತುಳಿದು ಅಲ್ಲಿಗೆ ಹೋಗುತ್ತದೆ. ಸೇರಬೇಕಾದರೆ ಒಂದೇ ದಿನ ಅರವತ್ತು ತುಳಿದಿರಬೇಕು, ಅದೂ ಜಿಪಿಎಸ್‌ನಲ್ಲಿ ದಾಖಲಾಗಿರಬೇಕು. ಅಕ್ಕನ ಆಸೆ ಗೊತ್ತಿದ್ದ ತಂಗಿ ತನ್ನ ಹಳೆಯ ಜಿಪಿಎಸ್ ಯಂತ್ರವನ್ನೇ ತಂದು ಹ್ಯಾಂಡಲ್‌ಗೆ ಕಟ್ಟಿದಳು.

“ದಿನಾ ಐವತ್ತಾದ್ರೂ ಸುತ್ತುತೀನಿ ಅಂತ ಜಂಬ ಕೊಚ್ಕೋತಿದ್ದೆ,” ಎಂದು ನಗುತ್ತಾರೆ. ಮೊದಲ ದಿನ ಸಂಜೆ ಯಂತ್ರ ಹೇಳಿದ್ದು ಹದಿನೇಳು. ಸಾಣೆಯಕ್ಕನ ಮುಖ ಸಣ್ಣಗಾಯಿತು. ಉಪಗ್ರಹಕ್ಕೆ ಗಲ್ಲಿಗಳು ಕಾಣುತ್ತಿಲ್ಲವೇನೋ ಎಂದು ತಂಗಿ ಹಿಂದಿನ ಗಾಲಿಗೆ ಒಂದು ಸೆನ್ಸರ್ ಸಿಕ್ಕಿಸಿದಳು; ಗಾಲಿ ಎಷ್ಟು ಸುತ್ತು ತಿರುಗಿತೆಂದು ಅದು ಎಣಿಸುತ್ತದೆ. ಮರುದಿನ ಸಂಜೆ ಅರವತ್ಮೂರು.

ಅಕ್ಕತಂಗಿಯರಿಬ್ಬರೂ ಅಡುಗೆಮನೆಯಲ್ಲಿ ಕೈ ಹಿಡಿದು ಕುಣಿದರು. ಆಮೇಲೆ ತಂಗಿ ನಕ್ಷೆ ತೆರೆದಳು. ಸುತ್ತಿದ ದಾರಿಯ ಗೆರೆ ಹಿಂದಿನ ದಿನದಷ್ಟೇ ಉದ್ದ. ಆದರೆ ಹೋಟೆಲಿನ ಹಿಂಬಾಗಿಲಲ್ಲಿ ಅಲ್ಲಾಡದೆ ನಿಂತ ಚುಕ್ಕೆಯೊಂದು ಗಂಟೆಗೆ ಇಪ್ಪತ್ತೆರಡು ಕಿಲೋಮೀಟರ್ ವೇಗದಲ್ಲಿ ಓಡಿತ್ತು. ಸಾಣೆಯಕ್ಕನಿಗೆ ತಕ್ಷಣ ಹೊಳೆಯಿತು. ಅಲ್ಲಿ ಅವರು ಸ್ಟ್ಯಾಂಡ್ ಹಾಕಿ ಹದಿನಾಲ್ಕು ಚಾಕು ಮಸೆದಿದ್ದರು.

ಇಬ್ಬರಿಗೂ ಹೊಟ್ಟೆ ಹುಣ್ಣಾಗುವಷ್ಟು ನಗು. “ಕಾಲು ನಿಂದೇ, ಗಾಲಿ ನಿಂದೇ, ತಂಡಕ್ಕೆ ಕಳಿಸಿಬಿಡು,” ಎಂದಳಂತೆ ತಂಗಿ. ಅಕ್ಕ ಜಪ್ಪಯ್ಯ ಅಂದರೂ ಒಪ್ಪಲಿಲ್ಲ. “ತುಳಿದಿದ್ದು ನಿಜ ಕಣೇ. ಆದ್ರೆ ದಾರಿ ಎಲ್ಲಿದೆ?”

ದಾರಿ ಸಿಕ್ಕಿದ್ದು ಹೋದ ಭಾನುವಾರ. ಸೆನ್ಸರ್ ಬಿಚ್ಚಿಟ್ಟು ಹೆದ್ದಾರಿ ಹಿಡಿದರು. ಹನ್ನೊಂದು ಕಿಲೋ ಸಾಣೆಕಲ್ಲನ್ನೂ ಇಳಿಸು ಎಂದು ತಂಗಿ ಗೋಗರೆದಳು. ಅಕ್ಕ ಇಳಿಸಲಿಲ್ಲ; ಅದಿಲ್ಲದಿದ್ದರೆ ಸೈಕಲ್ ತನ್ನದೆಂದು ಅನ್ನಿಸುವುದಿಲ್ಲವಂತೆ. ನಲವತ್ತನೇ ಕಿಲೋಮೀಟರಿನ ಏರಿನಲ್ಲಿ ಏದುಸಿರು ಬಂತು. ಸಂಜೆ ನಾಲ್ಕಕ್ಕೆ ಮನೆ ಬಾಗಿಲಲ್ಲಿ ಅರವತ್ತಕ್ಕೆ ಇನ್ನೂರು ಮೀಟರ್ ಕಡಿಮೆ. ಕಾಲು ನೆಲಕ್ಕೂರದೆ ಬೀದಿಯನ್ನು ಇನ್ನೊಂದು ಸುತ್ತು ಹಾಕಿ ಬಂದರು. ಪರದೆ ಅರವತ್ತು ತೋರಿಸಿದಾಗ ಹ್ಯಾಂಡಲ್ ಮೇಲೆ ತಲೆಯಿಟ್ಟು ಅತ್ತೇಬಿಟ್ಟರು.

ನಾಳೆ ಸಮುದ್ರಕ್ಕೆ ಹೊರಡುವ ಐವತ್ತು ಸೈಕಲ್‌ಗಳಲ್ಲಿ ಸಾಣೆಕಲ್ಲು ಇರುವುದು ಒಂದರಲ್ಲೇ. ಅದರ ಗಾಲಿಗೆ ತಂಗಿ ಸೆನ್ಸರನ್ನು ಮತ್ತೆ ಸಿಕ್ಕಿಸಿದ್ದಾಳೆ. ಅಲ್ಲಿ ಏನು ಮಾಡಬೇಕೆಂದಿದ್ದೀರಿ ಎಂದು ಕೇಳಿದರೆ ಸಾಣೆಯಕ್ಕ ಪರದೆಯನ್ನು ಸೆರಗಿನಿಂದ ಒರೆಸುತ್ತಾರೆ.

“ನೀರಲ್ಲಿ ಕಾಲಿಡ್ಬೇಕು. ಮೀನು ಕುಯ್ಯೋರು ಯಾರಾದ್ರೂ ಚಾಕು ಕೊಟ್ರೆ ಮಸೆದೂ ಕೊಡ್ತೀನಿ. ಅದಕ್ಕೆ ಮುಂಚೆ ಇದನ್ನ ಮಾತ್ರ ಆಫ್ ಮಾಡ್ತೀನಿ.”