ಕಲೆ ತೆಗೆಯಲು ಒಪ್ಪದ ತುಕ್ಕಿನಣ್ಣ

ಅವರ ಹತ್ತು ಬೆರಳುಗಳ ತುದಿಯೂ ನುಣ್ಣಗೆ ಸವೆದು ಬಿಳಿಚಿಕೊಂಡಿತ್ತು. ಉಗುರುಗಳು ಮಾತ್ರ ಹಳದಿ. ಬಿಂಬುಳಿ ಕಾಯಿಯ ಹುಳಿರಸದಲ್ಲಿ ಅದ್ದಿದ ಕೈಯನ್ನು ವರ್ಷಗಟ್ಟಲೆ ಒರಟು ಸಿಮೆಂಟಿನ ಮೇಲೆ ತಿಕ್ಕಿದರೆ ಚರ್ಮ ಉಳಿಯುವುದಾದರೂ ಹೇಗೆ? ಬಿಸಿ ಚಹಾದ ಲೋಟವನ್ನು ಅವರು ಅಂಗೈಗಳ ನಡುವೆ ಹಿಡಿದು ಕುಡಿಯುತ್ತಿದ್ದರು, ಬೆರಳಿನಲ್ಲಿ ಹಿಡಿಯಲು ಆಗುತ್ತಿರಲಿಲ್ಲ.

ಕಡಲ ಹತ್ತಿರದ ನಮ್ಮ ಮಣ್ಣಗುಡ್ಡದಲ್ಲಿ ಆಗ, ಬ್ರಿಟಿಷರ ಕಾಲದಲ್ಲಿ, ಸಿಮೆಂಟಿನ ಅಂಗಳ ಇದ್ದ ಮನೆಗಳೇ ಕಡಿಮೆ. ಕಾರು ಕೊಂಡವರು ಗೇಟಿನಿಂದ ಕಾರಿನ ಶೆಡ್ಡಿನವರೆಗೆ ಸಿಮೆಂಟು ಹಾಕಿಸಿ, ಬಂದವರಿಗೆಲ್ಲ ಮೊದಲು ಅದನ್ನೇ ತೋರಿಸುತ್ತಿದ್ದ ಕಾಲ. ಹಂಚಿನ ವ್ಯಾಪಾರದಲ್ಲಿ ನಾಲ್ಕು ಕಾಸು ಕಂಡ ನಮ್ಮ ಅಪ್ಪನೂ ಅವರಲ್ಲಿ ಒಬ್ಬರು. ಆದರೆ ನಮ್ಮ ಮಳೆಗೂ ಉಪ್ಪುಗಾಳಿಗೂ ಕಬ್ಬಿಣ ಎಲ್ಲಿ ತಡೆಯುತ್ತದೆ? ಒಂದು ಸರಪಳಿಯನ್ನು ಅಂಗಳದಲ್ಲಿ ಮರೆತರೆ ಸಾಕು, ಎತ್ತಿದಾಗ ಅಡಿಯಲ್ಲಿ ಕೆಂಪು ಕಲೆ. ಉಜ್ಜಿದರೂ ಹೋಗದ ಆ ಕಲೆಯನ್ನು ತೆಗೆಯುವುದೇ ಇವರ ಕಸುಬು. ಊರಿಗೆಲ್ಲ ಅವರು ತುಕ್ಕಿನಣ್ಣ. ನದಿಬದಿಯಲ್ಲಿ ಮನೆ, ಮೀನು ಹಿಡಿಯುವವರ ಕುಟುಂಬ. ಕಡಲಿಗೆ ಹೆದರಿ ದೋಣಿಯ ಕಸುಬು ಬಿಟ್ಟವರು ಎಂದು ಅವರ ಕೇರಿಯವರೇ ಚೇಷ್ಟೆ ಮಾಡುತ್ತಿದ್ದರು.

ಕಡಲಿಗೆ ಮಾತ್ರವೇ? ಅಬ್ಬ, ಅಂಥ ಹೆದರುಪುಕ್ಕಲರನ್ನು ನಾನು ಕಂಡೇ ಇಲ್ಲ. ನಮ್ಮ ಮನೆಯಲ್ಲಿ ಎಂದೂ ನಾಯಿ ಇರಲಿಲ್ಲ, ಆದರೂ ಪ್ರತಿ ಸಲ ಗೇಟಿನ ಹೊರಗೆ ನಿಂತು "ನಾಯಿ ಉಂಟಾ ಅಮ್ಮ?" ಎಂದು ಕೂಗಿಯೇ ಒಳಗೆ ಬರಬೇಕು. ನಿಂತ ಕಾರಿನ ಮುಂದೆ ಹಾದುಹೋಗುವವರಲ್ಲ, ಹಿಂದಿನಿಂದ ಸುತ್ತು ಹಾಕಿ ಬರುವವರು. ಪೊಲೀಸಿನವನ ಟೊಪ್ಪಿ ದೂರದಲ್ಲಿ ಕಂಡರೆ ಕೆಲಸ ಬಿಟ್ಟು ಬಾವಿಕಟ್ಟೆಯ ಹಿಂದೆ. ನಾವು ಹೆಣ್ಣುಮಕ್ಕಳು ನಕ್ಕರೆ ಅವರೂ ನಗುತ್ತಿದ್ದರು. "ನಗಿ ಅಮ್ಮ, ನಗಿ. ಹೆದರಿಕೆ ಇದ್ದದ್ದಕ್ಕೆ ನನ್ನ ಕಣ್ಣು ಇನ್ನೂ ಉಂಟು. ಆಸಿಡಿನ ಕೆಲಸ ಇದು."

ಆ ಹೆದರಿಕೆ ಅವರ ಕೆಲಸದಲ್ಲೂ ಇತ್ತು. ಮೊದಲು ಯಾರ ಕಣ್ಣಿಗೂ ಬೀಳದ ಮೂಲೆಯಲ್ಲಿ ಒಂದು ಹನಿ ಹಾಕಿ, ಸಿಮೆಂಟು ತಿಂದು ಹೋಗುತ್ತದೋ ಎಂದು ನೋಡುವುದು. ಆಮೇಲೆ ಬಿಂಬುಳಿಯನ್ನು ಉಪ್ಪಿನೊಂದಿಗೆ ಅರೆದು ಕಲೆಯ ಮೇಲೆ ಹಿಂಡುವುದು. ಹಠಮಾರಿ ಕಲೆಯಾದರೆ ಔಷಧದಂಗಡಿಯಿಂದ ತಂದ ಆಸಿಡಿನ ಬಿಳಿ ಹರಳನ್ನು ನೀರಿನಲ್ಲಿ ಕರಗಿಸಿ, ಹಂಚಿನ ಕಾರ್ಖಾನೆಯ ಜೇಡಿಮಣ್ಣಿನಲ್ಲಿ ಕಲಸಿ, ದೋಸೆಯ ಹಾಗೆ ಬಳಿದು, ಮೇಲೆ ಒದ್ದೆ ಗೋಣಿ ಹೊದಿಸುವುದು. ಮಣ್ಣು ಒಣಗುತ್ತ ತುಕ್ಕನ್ನು ಹೀರಿಕೊಳ್ಳುತ್ತಿತ್ತು. ಅಷ್ಟು ಹೊತ್ತು ಅವರು ಅಲ್ಲೇ ಕುಕ್ಕರುಗಾಲಿನಲ್ಲಿ ಕೂತು ಕಾಯುವರು.

ಈಗ ಹೇಳಬೇಕಾದ ಸಂಗತಿಗೆ ಬರುತ್ತೇನೆ.

ಮದುವೆಯಾಗಿ ನಾನು ಸುರತ್ಕಲ್ಲಿಗೆ ಹೋಗಿದ್ದೆ. ಮಳೆಗಾಲ ಮುಗಿಯುತ್ತಿದ್ದಾಗ ತವರಿಗೆ ಬಂದೆ. ಬಂದ ದಿನವೇ ಮನೆಯಲ್ಲಿ ಎಲ್ಲರ ಮುಖ ಬಾಡಿತ್ತು. ನಮ್ಮ ಕಾರಿನ ಡ್ರೈವರ್, ಉಳ್ಳಾಲದ ಕಡೆಯ ತರುಣ, ಕಾಣೆಯಾಗಿದ್ದ. ಅದರ ಹಿಂದಿನ ಸಂಜೆ ಕಾರನ್ನು ಗೇಟಿನ ಕಂಬಕ್ಕೆ ತಾಗಿಸಿದ್ದಕ್ಕೆ ಅಪ್ಪ ಅವನ ಕೆನ್ನೆಗೆ ಬಾರಿಸಿದ್ದರಂತೆ. "ನಿನ್ನನ್ನು ಇಲ್ಲೇ ಹೂಳ್ತೇನೆ" ಎಂದು ಬೀದಿಗೆಲ್ಲ ಕೇಳುವ ಹಾಗೆ ಕೂಗಿದ್ದರಂತೆ. ಅಪ್ಪನ ಸಿಟ್ಟು ನಮಗೆ ಗೊತ್ತಿದ್ದದ್ದೇ. ಆ ಸಿಟ್ಟು ಎಲ್ಲಿಯವರೆಗೆ ಹೋಗಬಹುದು ಎಂಬುದು ಮಾತ್ರ ಗೊತ್ತಿರಲಿಲ್ಲ.

ಮರುದಿನ ಆ ಡ್ರೈವರನ ತಾಯಿ ಬಂದಳು. ಮೀನು ಮಾರುವವಳು. ದೋಣಿಯಲ್ಲಿ ಹೊಳೆ ದಾಟಿ, ಅಲ್ಲಿಂದ ನಡೆದೇ ಬಂದಿದ್ದಳು. ಮಗನ ಬಟ್ಟೆಬರೆ ನೋಡಬೇಕೆಂದು ಶೆಡ್ಡಿನ ಕಡೆ ಹೋದವಳು ಅಲ್ಲೇ ಕಿಟಾರನೆ ಕಿರುಚಿದಳು. ಶೆಡ್ಡಿನ ಬಾಗಿಲಲ್ಲಿ, ಸಿಮೆಂಟಿನ ಮೇಲೆ, ಒಂದು ಆಳು ಮಲಗಿದಷ್ಟು ಉದ್ದಕ್ಕೆ ಕೆಂಪು ಕಲೆ.

"ಇದು ನನ್ನ ಮಗನ ನೆತ್ತರು! ಕೊಂದು ಹಾಕಿದ್ದಾರೆ ಇವರು!"

ಬೀದಿಯ ಜನ ಗೇಟಿಗೆ ಬಂದು ನಿಂತರು. ಅಲ್ಲಿ ಕಿಟಕಿಯ ಹಳೆ ಸರಳುಗಳು ಮಳೆಗಾಲವಿಡೀ ಬಿದ್ದಿದ್ದವು, ಮೊನ್ನೆಯಷ್ಟೇ ಗುಜರಿಯವನಿಗೆ ಕೊಟ್ಟೆ ಎಂದು ಅಪ್ಪ ಹೇಳಿದರು. ಯಾರು ನಂಬುತ್ತಾರೆ? ಸರಳು ಈಗ ಅಲ್ಲಿರಲಿಲ್ಲ, ಕಲೆ ಇತ್ತು. ದೇವರಾಣೆ, ನಾನೂ ನಂಬಲಿಲ್ಲ. ಅಪ್ಪನ ಮುಖ ನೋಡಲು ಹೆದರಿ ಅಡಿಗೆಮನೆಯ ಬಾಗಿಲು ಹಿಡಿದು ನಿಂತೆ. ಅಮ್ಮ ಒಲೆಯ ಮುಂದೆ ಕೂತು ತನ್ನಷ್ಟಕ್ಕೆ ಏನೋ ಗೊಣಗುತ್ತಿದ್ದಳು. ಜನರಲ್ಲೊಬ್ಬ ಪೊಲೀಸರನ್ನು ಕರೆಯಲು ಓಡಿದ. ಅಪ್ಪ ತುಕ್ಕಿನಣ್ಣನನ್ನು ಕರೆಸಿದರು.

ಅವತ್ತು ಅವರು ನಾಯಿಯ ವಿಷಯ ಕೇಳಲಿಲ್ಲ. ಜನರ ನಡುವೆ ದಾರಿ ಮಾಡಿಕೊಂಡು ಬಂದು, ಬುಟ್ಟಿ ಕೆಳಗಿಟ್ಟು, ಕಲೆಯನ್ನೂ ಆ ತಾಯಿಯನ್ನೂ ನೋಡಿದರು.

"ಎಂತ ನೋಡ್ತಿ ಮಾರಾಯ? ಪೊಲೀಸರು ಬರುವ ಮೊದಲು ತೆಗೆ ಇದನ್ನು!" ಅಪ್ಪ ಗದರಿದರು.

"ಇದು ತುಕ್ಕೇ, ಧನಿಗಳೇ."

"ತುಕ್ಕಲ್ಲದೆ ಮತ್ತೆಂತ? ತೆಗೆ ಅಂದೆ!"

"ಇಲ್ಲ ಧನಿಗಳೇ. ನಾನು ತೆಗೆಯೋದಿಲ್ಲ."

ನಮ್ಮ ಮನೆಯಲ್ಲಿ ಅಪ್ಪನಿಗೆ ಇಲ್ಲ ಎಂದವರನ್ನು ನಾನು ಅದೇ ಮೊದಲು ಕಂಡದ್ದು. ಅಪ್ಪ ಕೈ ಎತ್ತಿದರು. ತುಕ್ಕಿನಣ್ಣ ಎರಡೂ ಕೈಯಿಂದ ತಲೆ ಮುಚ್ಚಿಕೊಂಡರು, ಆದರೆ ಜಾಗ ಬಿಟ್ಟು ಕದಲಲಿಲ್ಲ. ತಲೆ ಮುಚ್ಚಿಕೊಂಡೇ ಹೇಳಿದರು, "ಹೊಡೀರಿ ಧನಿಗಳೇ. ಪೊಲೀಸರು ನೋಡಿ ಆಗ್ಲಿ. ತೊಳೆದ ಜಾಗ ಕಂಡ್ರೆ ಇಲ್ಲಿ ಏನೋ ಇತ್ತು ಅಂತ ಎಲ್ರೂ ಹೇಳ್ತಾರೆ. ಆಮೇಲೆ ತುಕ್ಕು ಅಂತ ತೋರಿಸ್ಲಿಕ್ಕೆ ಎಂತ ಉಳೀತದೆ?" ಅಪ್ಪನ ಕೈ ಕೆಳಗಿಳಿಯಿತು.

ಅಷ್ಟರಲ್ಲಿ ಗುಡುಗಿ ಮಳೆ ಶುರುವಾಯಿತು. ತುಕ್ಕಿನಣ್ಣ ತಾವು ತಂದಿದ್ದ ಗೊರಬನ್ನು, ತಲೆಯಿಂದ ಬೆನ್ನಿನುದ್ದಕ್ಕೂ ಮುಚ್ಚುವ ಓಲೆಯ ಆ ಮಳೆಕೊಡೆಯನ್ನು, ಕಲೆಯ ಮೇಲೆ ಕವುಚಿ ಹಾಕಿದರು. ಸುತ್ತ ಜೇಡಿಮಣ್ಣಿನ ಕಟ್ಟೆ ಕಟ್ಟಿ ನೀರು ಹರಿಯದಂತೆ ಮಾಡಿದರು. ಆಮೇಲೆ ಅದರ ಪಕ್ಕದಲ್ಲೇ ನೆನೆಯುತ್ತ ಕೂತರು. ಗುಡುಗಿದಾಗಲೆಲ್ಲ ಬೆಚ್ಚಿ ಬೀಳುತ್ತಿದ್ದರು. ನಾನು ಹತ್ತಿರ ಹೋಗಿ ಅವರ ತಲೆಯ ಮೇಲೆ ಒಂದು ಕೊಡೆ ಹಿಡಿದು ಪಿಸುಗುಟ್ಟಿದೆ, "ನಿಜವಾಗಿ ತುಕ್ಕೇಯಾ?"

ಅವರು ನನ್ನನ್ನೂ ನೋಡಲಿಲ್ಲ, ಕೊಡೆಯನ್ನೂ ನೋಡಲಿಲ್ಲ. "ತುಕ್ಕು ಅಂತಲೇ ಕಾಣ್ತದೆ ಅಮ್ಮ" ಎಂದರು.

ಕಾಣ್ತದೆಯಂತೆ! ಅಂದರೆ ಅವರಿಗೂ ಖಾತ್ರಿ ಇಲ್ಲ.

ಮಳೆ ನಿಲ್ಲುವ ಹೊತ್ತಿಗೆ ಸಬ್ ಇನ್‌ಸ್ಪೆಕ್ಟರ್ ಬಂದ. ಗೊರಬು ತೆಗೆದು ಕಲೆ ನೋಡಿ, ಅಪ್ಪನ ಕಡೆ ನೋಡಿದ. ತುಕ್ಕಿನಣ್ಣ ಕೂತಲ್ಲಿಂದಲೇ ಕೈಮುಗಿದು, ಒಂದು ಪರೀಕ್ಷೆ ಮಾಡಿ ತೋರಿಸಲೇ ಎಂದು ಕೇಳಿದರು. ಅವನು ಹೂಂ ಎಂದ. ಎಲ್ಲರೂ ಅವರೇ ಹಿಂಡುತ್ತಾರೆ ಎಂದುಕೊಂಡರೆ, ಅವರು ಬಿಂಬುಳಿಯ ಗಿಂಡಿಯನ್ನು ಆ ತಾಯಿಯ ಕಡೆಗೆ ಚಾಚಿದರು.

"ನೀವೇ ಹಾಕಿ ಅಕ್ಕ. ಮೀನಿನ ನೆತ್ತರು ದಿನಾ ತೊಳೆಯುವವರು ನೀವು. ಹುಳಿ ಹಾಕಿದ್ರೆ ಅದು ಎಂತ ಆಗ್ತದೆ ಅಂತ ನಿಮಗೆ ಗೊತ್ತುಂಟು."

ಅವಳು ಕೂತು, ಒಂದು ತುದಿಯಲ್ಲಿ ರಸ ಹೊಯ್ದು ನಾರಿನಿಂದ ತಿಕ್ಕಿದಳು. ನನಗೆ ನೋಡಲಾಗಲಿಲ್ಲ, ನೋಡದೆ ಇರಲೂ ಆಗಲಿಲ್ಲ. ನೆತ್ತರಾದರೆ ಹುಳಿಗೆ ಕಪ್ಪಗಾಗಿ ಗಟ್ಟಿ ಹಿಡಿಯುತ್ತದೆ ಎಂದು ಮೀನು ಕೊಯ್ದ ಕೈಗಳಿಗೆಲ್ಲ ಗೊತ್ತು. ಮೊದಲು ನೊರೆ ಬಂತು. ಆಮೇಲೆ ಕೆಂಪು ತಿಳಿಯಾಯಿತು, ಹಳದಿಯಾಯಿತು, ಅಡಿಯ ಸಿಮೆಂಟು ಕಂಡಿತು. ಅವಳು ಇನ್ನೊಂದು ತುದಿಯಲ್ಲೂ ತಿಕ್ಕಿದಳು, ನಡುವಿನಲ್ಲೂ ತಿಕ್ಕಿದಳು. ಕೊನೆಗೆ ನಾರು ಬಿಟ್ಟು ಹಾಗೆಯೇ ಕೂತಳು.

"ಇದು ಅವನದ್ದಲ್ಲ" ಎಂದಳು. ಆಮೇಲೆ ಅಪ್ಪನ ಮುಖ ನೋಡಿ ಕೇಳಿದಳು, "ಹಾಗಾದ್ರೆ ಅವನು ಎಲ್ಲಿ?"

ಅಪ್ಪ ಜಗಲಿಯ ಕಡೆ ತಿರುಗಿದರು. ಅವಳನ್ನು ಎಬ್ಬಿಸಿ, ದೋಣಿಯ ಕಡವಿನವರೆಗೆ ಬಿಟ್ಟು ಬರುತ್ತೇನೆಂದು ಹೊರಟವರು ತುಕ್ಕಿನಣ್ಣನೇ. ಗೇಟು ದಾಟುವ ಮೊದಲೇ ಪೊಲೀಸರು ತುಕ್ಕಿನಣ್ಣನನ್ನು ತಡೆದು, ಹೇಳಿಕೆ ಕೊಡಲು ಠಾಣೆಗೆ ಕರೆದುಕೊಂಡು ಹೋದರು. ಹೆಬ್ಬೆಟ್ಟು ಒತ್ತಿಸಿದರೆ ಬರೀ ಮಸಿಯ ಮುದ್ದೆ, ಗೆರೆಯೇ ಇಲ್ಲ. ಬೇಕೆಂದೇ ಗೆರೆ ಸುಟ್ಟುಕೊಂಡ ಕಳ್ಳನಿರಬೇಕೆಂದು ಅಲ್ಲಿಯೇ ಕೂರಿಸಿದರಂತೆ. ಟೊಪ್ಪಿ ಕಂಡರೆ ಓಡುವ ಮನುಷ್ಯ! ಮರುದಿನ ಅಪ್ಪ ಹೋಗಿ ಬಿಡಿಸಿಕೊಂಡು ಬಂದರು. ಅಲ್ಲಿ ಏನಾಯಿತೆಂದು ತುಕ್ಕಿನಣ್ಣ ಯಾರಿಗೂ ಹೇಳಲಿಲ್ಲ. ನಮ್ಮ ಗೇಟಿನೊಳಗೆ ಮತ್ತೆ ಕಾಲಿಡಲೂ ಇಲ್ಲ. ಅಪ್ಪ ಹೇಳಿ ಕಳಿಸಿದರೆ ಜ್ವರ ಎನ್ನುತ್ತಿದ್ದರು.

ಡ್ರೈವರ್ ಮುಂದಿನ ಮಳೆಗಾಲಕ್ಕೆ ಮುಂಚೆ ಬೊಂಬಾಯಿಯ ಸ್ಟೀಮರಿನಿಂದ ಬಂದರಿನಲ್ಲಿ ಇಳಿದ, ಕೈಯಲ್ಲಿ ತಗಡಿನ ಪೆಟ್ಟಿಗೆ, ತಲೆಗೆ ಎಣ್ಣೆ. ಯಾವುದೋ ಹೋಟೆಲಿನಲ್ಲಿ ಕೆಲಸವಂತೆ. ಅವಮಾನವಾಗಿ ಹೇಳದೆ ಹೋದೆ ಎಂದ. ಅವನ ತಾಯಿ ಮೊದಲು ಬಾರಿಸಿ ಆಮೇಲೆ ಅಪ್ಪಿಕೊಂಡಳಂತೆ. ಅಪ್ಪ ಆ ದಿನ ಊಟ ಮಾಡದೆ ಬಹಳ ಹೊತ್ತು ಜಗಲಿಯಲ್ಲಿ ಕೂತಿದ್ದರು. ಅದರ ನಂತರ ಅವರು ಯಾರ ಮೇಲೂ ಕೈ ಎತ್ತಿದ್ದನ್ನು ನಾನು ಕಾಣಲಿಲ್ಲ.

ನಮ್ಮ ಮನೆಯ ಮಾನ ಕಾಯಲು ಮಳೆಯಲ್ಲಿ ಕೂತ ಪುಣ್ಯಾತ್ಮ ಎಂದೇ ನಾವೆಲ್ಲ ತುಕ್ಕಿನಣ್ಣನನ್ನು ನೆನೆಯುತ್ತಿದ್ದೆವು. ಎರಡನೇ ಮಹಾಯುದ್ಧದ ವರ್ಷಗಳಲ್ಲಿ ಅವರು ತೀರಿಕೊಂಡರು. ಸುದ್ದಿ ಕೇಳಿ ನಾನು ಅವರ ಮನೆಗೆ ಹೋದೆ. ಅವರ ಹೆಂಡತಿ ನನಗೆ ಮಣೆ ಹಾಕಿ ಕೂರಿಸಿದಳು. "ಅವತ್ತು ಅವರು ನಮ್ಮ ಅಪ್ಪನನ್ನು ಉಳಿಸಿದರು" ಎಂದು ನಾನು ಅತ್ತೆ.

ಅವಳು ನನ್ನೆದುರು ಕೂತು ಹೇಳಿದಳು, "ಬೇಸರ ಮಾಡ್ಬೇಡಿ ಅಮ್ಮ. ಅದು ನೆತ್ತರು ಅಂತಲೇ ಅವರು ಎಣಿಸಿದ್ದು. ತುಕ್ಕು ಅಂತ ಹೇಳಿದ್ದು ಧನಿಗಳಿಗೆ ಹೆದರಿ. ಕಲೆ ಹೋದ್ರೆ ಆ ಹೆಂಗಸಿಗೆ ಮಗನದ್ದು ಅಂತ ಒಂದು ಗುರುತೂ ಉಳಿಯುವುದಿಲ್ಲ, ಯಾರೂ ಅವಳ ಮಾತು ಕೇಳುವುದಿಲ್ಲ, ಅದಕ್ಕೆ ಕಾದು ಕೂತೆ, ಹುಳಿಯನ್ನೂ ಅವಳ ಕೈಗೇ ಕೊಟ್ಟೆ ಅಂತ ನನ್ನ ಹತ್ರ ಹೇಳಿದ್ರು."

ಅಂದರೆ ಅಷ್ಟು ಹೊತ್ತೂ ಅವರು ಆ ಕಲೆಯನ್ನು ಕಾದದ್ದು ನಮಗಾಗಿ ಅಲ್ಲ, ನಮ್ಮಿಂದ. ಕೊಂದವನೆಂದೇ ತಿಳಿದ ಮನುಷ್ಯನ ಅಂಗಳದಲ್ಲಿ, ಅವನ ಎತ್ತಿದ ಕೈಯ ಕೆಳಗೆ, ಆ ಹೆದರುಪುಕ್ಕಲ ಮನುಷ್ಯ ಕೂತಿದ್ದರು. ಆಗ ನಾನು, ಆ ಮನುಷ್ಯನ ಮಗಳು, ಹಿಡಿದ ಕೊಡೆಯ ಕಡೆ ಅವರು ಕಣ್ಣೆತ್ತಿ ನೋಡದೆ ಇದ್ದದ್ದು ಏಕೆಂದು ನನಗೆ ಅಂದು ತಿಳಿಯಿತು.